ಮಲ್ಪೆ ಕಡಲಿನಡಿ ಸದ್ದು ಸಾಗುವ ದಾರಿ

2018ರ ಡಿಸೆಂಬರ್ 13ರಂದು ಏಳು ಮಂದಿಯೊಡನೆ ಮಲ್ಪೆ ಬಂದರಿನಿಂದ ಆಳಸಮುದ್ರ ಮೀನುಗಾರಿಕೆಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು 15ರ ರಾತ್ರಿಯ ಬಳಿಕ ಯಾರ ಸಂಪರ್ಕಕ್ಕೂ ಸಿಗಲಿಲ್ಲ. ಸರಕಾರದ ಹಡಗುಗಳು, ವಿಮಾನಗಳು, ಮಲ್ಪೆಯದೇ ಬೋಟುಗಳು ಹುಡುಕಿದವು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು ತಮ್ಮವರನ್ನು ಹುಡುಕಿಕೊಡಿ ಎಂದು ಕೇಳಿದರು. ಕೊನೆಗೆ ಬೋಟಿನ ಅವಶೇಷ ಪತ್ತೆಯಾದ ಸುದ್ದಿ ಬಂದದ್ದು 2019ರ ಮೇ ಆರಂಭದಲ್ಲಿ. ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ನೌಕಾಪಡೆಯ ‘ಐಎನ್‌ಎಸ್ ನಿರೀಕ್ಷಕ್’ ಹಡಗು ಅದನ್ನು ಕಂಡುಹಿಡಿದಿತ್ತು.

ಅರುವತ್ತು ಮೀಟರ್ ಎಂದರೆ ಸಮುದ್ರದ ಲೆಕ್ಕದಲ್ಲಿ ಏನೇನೂ ಅಲ್ಲ. ಮೀನುಗಾರರ ಲೆಕ್ಕದಲ್ಲಿ ಮೂವತ್ತಮೂರು ಮಾರು ನೀರು. ಆದರೂ ಅಷ್ಟು ನೀರಿನ ಕೆಳಗೆ ಬಿದ್ದ ವಸ್ತು ವಿಮಾನದ ಕಣ್ಣಿಗಾಗಲಿ, ರೇಡಾರಿಗಾಗಲಿ, ಉಪಗ್ರಹಕ್ಕಾಗಲಿ ಕಾಣುವುದಿಲ್ಲ. ಉಪ್ಪುನೀರು ವಿದ್ಯುತ್ ಹರಿಯಬಿಡುವ ದ್ರವವಾದ್ದರಿಂದ ರೇಡಾರ್ ಮತ್ತು ಜಿಪಿಎಸ್‌ನ ತರಂಗಗಳು ನೀರಿನೊಳಗೆ ಇಳಿಯುತ್ತಲೇ ಇಂಗಿಹೋಗುತ್ತವೆ. ಬೆಳಕು ತುಸು ಒಳಗಿಳಿದರೂ ಹೊಳೆಗಳು ಮಣ್ಣು ತಂದು ಸುರಿಯುವ ನಮ್ಮ ಕರಾವಳಿಯಲ್ಲಿ ಬೇಗ ಸೋಲುತ್ತದೆ. ನೀರಿನೊಳಗೆ ದೂರ ಹೋಗಿ, ಎದುರಾದುದಕ್ಕೆ ತಾಗಿ, ಸುದ್ದಿ ಹೊತ್ತು ಮರಳಬಲ್ಲುದು ಸದ್ದು ಮಾತ್ರ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಅದು ಸಮುದ್ರದಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ.

ಆದರೆ ಈ ಸದ್ದು ನೇರ ದಾರಿಯಲ್ಲಿ ಹೋಗುವುದಿಲ್ಲ. ಕಡಲು ಪದರ ಪದರವಾಗಿದೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣನೆಯದು. ಮಳೆಗಾಲದಲ್ಲಿ ಮೇಲೆ ಸಿಹಿಮಿಶ್ರಿತ ನೀರು, ಕೆಳಗೆ ಉಪ್ಪು. ಅದರಡಿ ಕೆಸರು, ಮರಳು, ಬಂಡೆ. ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಕಡೆ ಸದ್ದು ಬಾಗುತ್ತದೆ, ಒಡೆಯುತ್ತದೆ, ಕೆಲವೊಮ್ಮೆ ಸಿಕ್ಕಿಬೀಳುತ್ತದೆ. ಹಾಗೆ ಬಾಗಿ ಹೋಗುವ ದಾರಿಯನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಗಣಿತವೊಂದು ಎಂಬತ್ತು ವರ್ಷಗಳಿಂದ ಬೆಳೆದುಬಂದಿದೆ. ಸಮುದ್ರದ ಜತೆಗೇ ಬದುಕುವ ಉಡುಪಿ ಜಿಲ್ಲೆಗೆ ಅದರ ಪರಿಚಯ ಇರಲೇಬೇಕು.

ಫಿಶ್ ಫೈಂಡರಿನ ಸರಳ ಲೆಕ್ಕ

ಮಲ್ಪೆಯ ಪರ್ಸೀನ್ ಬೋಟಿನಲ್ಲೂ ಟ್ರಾಲ್ ಬೋಟಿನಲ್ಲೂ ತಾಂಡೇಲನ ಕಣ್ಣೆದುರು ಜಿಪಿಎಸ್, ವೈರ್‌ಲೆಸ್‌ಗಳ ಪಕ್ಕದಲ್ಲಿ ಫಿಶ್ ಫೈಂಡರಿನ ಪರದೆ ಇರುತ್ತದೆ. ಬೋಟಿನ ಅಡಿಯಲ್ಲಿ ಕೂರಿಸಿದ ಉಪಕರಣ ಕೆಳಮುಖವಾಗಿ ಚುಟುಕು ಸದ್ದುಗಳನ್ನು ಬಿಡುತ್ತದೆ. ಸಾಮಾನ್ಯವಾಗಿ ಅವು 50 ಅಥವಾ 200 ಕಿಲೋಹರ್ಟ್ಸ್ ಆವರ್ತನದವು; ಮನುಷ್ಯನ ಕಿವಿಗೆ ಕೇಳುವ ಎಲ್ಲೆಯನ್ನು ಎಂದೋ ದಾಟಿದಂಥವು. ತಳಕ್ಕೆ ತಾಗಿ ಮರಳಿದ ಸದ್ದು ಆಳವನ್ನು ಹೇಳುತ್ತದೆ. ನಡುವೆ ಬೂತಾಯಿಯ ಹಿಂಡು ಇದ್ದರೆ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲಕ್ಕೆ ತಾಗಿದ ಸದ್ದು ಮೊದಲೇ ಮರಳಿ ಪರದೆಯಲ್ಲಿ ಬಣ್ಣದ ಮಚ್ಚೆಯಾಗಿ ಮೂಡುತ್ತದೆ.

ಯಂತ್ರ ಅಳೆಯುವುದು ದೂರವನ್ನಲ್ಲ, ಸಮಯವನ್ನು. ಅರುವತ್ತು ಮೀಟರ್ ಕೆಳಗಿಳಿದು ಮೇಲೇರಲು ಸದ್ದಿಗೆ ಬೇಕಾದದ್ದು ಸೆಕೆಂಡಿನ ಹನ್ನೆರಡನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ವೇಗದಿಂದ ಗುಣಿಸಿ ಅರ್ಧ ಮಾಡಿದರೆ ಆಳ ಸಿಕ್ಕಿತು. ವೇಗ 1,500 ಎಂದು ಯಂತ್ರ ನಂಬಿದ್ದು, ನೀರು ಬೆಚ್ಚಗಿದ್ದು ನಿಜವಾದ ವೇಗ 1,540 ಆಗಿದ್ದರೆ 60 ಮೀಟರ್ ಆಳವನ್ನು ಅದು ಐವತ್ತೆಂಟೂವರೆ ಎಂದು ತೋರಿಸುತ್ತದೆ. ನೇರ ಕೆಳಗೆ ನೋಡುವಾಗ ಆಗುವ ತಪ್ಪು ಇಷ್ಟೇ. ಮೀನು ಹಿಡಿಯುವ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

ತೊಂದರೆ ಶುರುವಾಗುವುದು ಸದ್ದನ್ನು ಅಡ್ಡಕ್ಕೆ ಕಳಿಸಿದಾಗ. ಒಂದೆರಡು ಕಿಲೋಮೀಟರ್ ಆಚೆ ಇರುವ ವಸ್ತುವನ್ನು ಹುಡುಕಬೇಕೆಂದಾಗ, ಜಲಾಂತರ್ಗಾಮಿಯ ಸುಳಿವು ಹಿಡಿಯಬೇಕೆಂದಾಗ, ತಿಮಿಂಗಿಲದ ಕೂಗು ಎಲ್ಲಿಂದ ಬಂತು ಎಂದು ತಿಳಿಯಬೇಕೆಂದಾಗ ನೀರಿನ ಪದರಗಳು ಲೆಕ್ಕವನ್ನೇ ಬದಲಿಸಿಬಿಡುತ್ತವೆ.

ಆರು ಡಿಗ್ರಿ ಮಾಡುವ ಕೆಲಸ

ಸಮುದ್ರದಲ್ಲಿ ಸದ್ದಿನ ವೇಗವನ್ನು ನಿರ್ಧರಿಸುವವು ಮೂರು: ಉಷ್ಣತೆ, ಉಪ್ಪಿನಂಶ, ಒತ್ತಡ. ತಣ್ಣನೆಯ ನೀರು ಒಂದು ಡಿಗ್ರಿ ಬೆಚ್ಚಗಾದರೆ ವೇಗ ಸೆಕೆಂಡಿಗೆ ಮೂರು ನಾಲ್ಕು ಮೀಟರ್ ಏರುತ್ತದೆ. ನಮ್ಮ ಕರಾವಳಿಯಂಥ ಬೆಚ್ಚನೆಯ ನೀರಿನಲ್ಲಿ ಎರಡು ಮೀಟರಿಗಿಂತ ತುಸು ಹೆಚ್ಚು. ಒಂದು ಕಿಲೋ ನೀರಿನಲ್ಲಿ ಉಪ್ಪು ಒಂದು ಗ್ರಾಂ ಹೆಚ್ಚಾದರೆ ಒಂದು ಮೀಟರ್‌ನಷ್ಟು ಏರಿಕೆ. ನೂರು ಮೀಟರ್ ಆಳಕ್ಕಿಳಿದರೆ ಒತ್ತಡದಿಂದಾಗಿ ಒಂದೂವರೆ ಮೀಟರಿಗಿಂತ ತುಸು ಹೆಚ್ಚು. ದಡದ ಬಳಿಯ ಕಡಲಿನಲ್ಲಿ ಉಷ್ಣತೆಯದೇ ದೊಡ್ಡ ಪಾಲು.

ಒಂದು ಉದಾಹರಣೆ ನೋಡಬಹುದು. 30 ಮೀಟರ್ ಆಳದಲ್ಲಿ ನೀರು 29 ಡಿಗ್ರಿ ಇದೆ, 60 ಮೀಟರಿನ ತಳಕ್ಕೆ ಬರುವಷ್ಟರಲ್ಲಿ 23 ಡಿಗ್ರಿಗೆ ಇಳಿದಿದೆ ಎಂದುಕೊಳ್ಳೋಣ. ಕೆಳಗಿನಿಂದ ತಣ್ಣೀರು ಉಕ್ಕಿಬರುವ ದಿನಗಳಲ್ಲಿ ಅಷ್ಟು ವ್ಯತ್ಯಾಸ ಅಸಹಜವಲ್ಲ. ಮೇಲೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,543 ಮೀಟರ್, ಕೆಳಗೆ 1,530. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ. ಆದರೆ ಅಲೆಯ ಮುಂಭಾಗದ ಮೇಲಿನ ಅಂಚು ಮುಂದೆ ಓಡಿ, ಕೆಳ ಅಂಚು ಹಿಂದೆ ಉಳಿಯುವುದರಿಂದ ಇಡೀ ಅಲೆ ಕೆಳಮುಖವಾಗಿ ತಿರುಗತೊಡಗುತ್ತದೆ. ವೇಗ ಒಂದೇ ಸಮನೆ ಕುಗ್ಗುವ ನೀರಿನಲ್ಲಿ ಸದ್ದಿನ ಕಿರಣ ವೃತ್ತದ ಕಂಸದಂತೆ ಬಾಗುತ್ತದೆ. ಇಲ್ಲಿ ಆ ವೃತ್ತದ ತ್ರಿಜ್ಯ ಮೂರೂವರೆ ಕಿಲೋಮೀಟರ್. ಈ ಪದರದ ನೆತ್ತಿಯಿಂದ ಅಡ್ಡಕ್ಕೆ ಬಿಟ್ಟ ಸದ್ದು ಅರ್ಧ ಕಿಲೋಮೀಟರ್ ದಾಟುವ ಮೊದಲೇ 30 ಮೀಟರ್ ಕೆಳಗಿಳಿದು ತಳ ಸೇರಿರುತ್ತದೆ.

ಅದೇ ಆಳದಲ್ಲಿ ಒಂದು ಕಿಲೋಮೀಟರ್ ಆಚೆ ಇರುವ ವಸ್ತುವಿಗೆ ಆ ಸದ್ದು ನೇರವಾಗಿ ತಾಗುವುದೇ ಇಲ್ಲ. ತಳಕ್ಕೆ ಬಡಿದು ಪುಟಿದ ಸದ್ದೇ ಅಲ್ಲಿಗೆ ತಲುಪಬೇಕು. ಸಮುದ್ರದಲ್ಲಿ ಹೀಗೆ ಸದ್ದು ಮುಟ್ಟದ ಜಾಗಗಳಿಗೆ ನೆರಳು ವಲಯ ಎನ್ನುತ್ತಾರೆ. ಜಲಾಂತರ್ಗಾಮಿಗಳು ಅಡಗುವುದು ಇಂಥ ಕಡೆಯೇ.

ರಾತ್ರಿಯ ಚೆಂಡೆ ದೂರ ಕೇಳುವುದೇಕೆ?

ಇದೇ ನಿಯಮ ನೆಲದ ಮೇಲೂ ಇದೆ. ಕಾರ್ಕಳದ ಕಡೆಯ ಹಳ್ಳಿಗಳಲ್ಲಿ ಚಳಿಗಾಲದ ರಾತ್ರಿ ಯಕ್ಷಗಾನ ಬಯಲಾಟ ನಡೆದರೆ ಚೆಂಡೆಯ ಸದ್ದು ಗುಡ್ಡದಾಚೆಯ ಊರಿಗೂ ಕೇಳುತ್ತದೆ. ಹಗಲಿನಲ್ಲಿ ಅದೇ ಚೆಂಡೆ ಅಷ್ಟು ದೂರ ಕೇಳದು. ರಾತ್ರಿಯ ನಿಶ್ಶಬ್ದವಷ್ಟೇ ಇದಕ್ಕೆ ಕಾರಣವಲ್ಲ. ಹಗಲು ಬಿಸಿಲಿಗೆ ಕಾದ ನೆಲದ ಬಳಿಯ ಗಾಳಿ ಬಿಸಿ, ಮೇಲಿನದು ತಂಪು. ಕೆಳಗೆ ವೇಗ ಹೆಚ್ಚಾಗಿ ಸದ್ದು ಆಕಾಶದ ಕಡೆಗೆ ಬಾಗಿಹೋಗುತ್ತದೆ. ರಾತ್ರಿ ನೆಲ ತಣಿದು, ಅದಕ್ಕೆ ತಾಗಿದ ಗಾಳಿಯೂ ತಣಿದು, ಮೇಲೆ ಬೆಚ್ಚನೆಯ ಪದರ ಉಳಿದಾಗ ಸದ್ದು ಮತ್ತೆ ನೆಲದ ಕಡೆಗೇ ಬಾಗಿ ಗದ್ದೆ ಬಯಲುಗಳನ್ನು ದಾಟಿ ಹೋಗುತ್ತದೆ. ಗಾಳಿಯಾಗಲಿ ನೀರಾಗಲಿ, ಸದ್ದು ಯಾವಾಗಲೂ ತನ್ನ ವೇಗ ಕಡಿಮೆಯಾಗುವ ಕಡೆಗೆ ಬಾಗುತ್ತದೆ. ಸಮುದ್ರದ ಇಡೀ ಕಥೆಗೆ ಈ ಒಂದು ಸೂತ್ರವೇ ಕೀಲಿಕೈ.

ಮಧ್ಯಾಹ್ನದ ಒಗಟಿನಿಂದ ಸಾಗರದಾಚೆಗೆ

ನೀರಿನಲ್ಲಿ ಸದ್ದಿನ ವೇಗವನ್ನು ಸರಿಯಾಗಿ ಅಳೆದ ಪ್ರಸಿದ್ಧ ಪ್ರಯೋಗ ನಡೆದದ್ದು 1826ರಲ್ಲಿ, ಜಿನೀವಾ ಸರೋವರದಲ್ಲಿ. ಒಂದು ದೋಣಿಯಿಂದ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣ ಮದ್ದು ಹೊತ್ತಿಸಿ ಬೆಳಕು ತೋರಿಸಿ, ಹದಿಮೂರು ಕಿಲೋಮೀಟರಿಗೂ ಆಚೆ ಇನ್ನೊಂದು ದೋಣಿಯಲ್ಲಿ ಕೊಳವೆಗೆ ಕಿವಿಯಿಟ್ಟು ಸಮಯ ನೋಡಿದ ಕೊಲಾಡಾನ್ ಮತ್ತು ಸ್ಟರ್ಮ್ ಕಂಡುಕೊಂಡ ವೇಗ ಸೆಕೆಂಡಿಗೆ 1,435 ಮೀಟರ್. ಸರೋವರದ ತಣ್ಣನೆಯ ಸಿಹಿನೀರಿಗೆ ಅದು ಇಂದಿಗೂ ಒಪ್ಪುವ ಅಂಕಿ.

ನೀರು ಪದರಗಳಾಗಿರುವುದರ ಪರಿಣಾಮ ಮನುಷ್ಯರ ಅರಿವಿಗೆ ಬಂದದ್ದು ಅದಾಗಿ ನೂರು ವರ್ಷಗಳ ಬಳಿಕ. 1930ರ ದಶಕದಲ್ಲಿ ಕ್ಯೂಬಾದ ಗ್ವಾಂಟನಾಮೋ ಬಳಿ ಅಮೆರಿಕದ ನೌಕಾಪಡೆ ಸದ್ದು ಕಳಿಸಿ ಗುರಿ ಹುಡುಕುವ ಸೋನಾರ್‌ನ ಅಭ್ಯಾಸ ನಡೆಸುವಾಗ ಬೆಳಿಗ್ಗೆ ಚೆನ್ನಾಗಿ ಸಿಗುತ್ತಿದ್ದ ಪ್ರತಿಧ್ವನಿ ಮಧ್ಯಾಹ್ನಕ್ಕೆ ಕೈಕೊಡುತ್ತಿತ್ತು. ಊಟ ಮಾಡಿ ಬಂದವರ ತೂಕಡಿಕೆಯೇ ಕಾರಣ ಎಂಬ ಅನುಮಾನವೂ ಬಂತು. ವುಡ್ಸ್ ಹೋಲ್ ಸಂಸ್ಥೆಯ ವಿಜ್ಞಾನಿಗಳು ಥರ್ಮಾಮೀಟರ್ ಇಳಿಸಿ ನೋಡಿದಾಗ ನಿಜ ತಿಳಿಯಿತು. ಬಿಸಿಲಿಗೆ ಮೇಲ್ಪದರ ಒಂದೆರಡು ಡಿಗ್ರಿ ಕಾದದ್ದರಿಂದ ಸದ್ದು ಕೆಳಗೆ ಬಾಗಿ ಗುರಿ ತಪ್ಪುತ್ತಿತ್ತು. ಆಥೆಲ್‌ಸ್ಟನ್ ಸ್ಪಿಲ್‌ಹಾಸ್ ಎಂಬ ಯುವ ವಿಜ್ಞಾನಿ ಆಳಕ್ಕೆ ತಕ್ಕಂತೆ ಉಷ್ಣತೆಯನ್ನು ತಾನೇ ಬರೆದುಕೊಳ್ಳುವ ಬ್ಯಾತಿಥರ್ಮೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದ್ದು ಆ ಕಾಲದಲ್ಲೇ. ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳು ಅದನ್ನು ಜತೆಯಲ್ಲೇ ಒಯ್ದವು.

ಆಳಸಮುದ್ರದಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಕೆಳಗಿಳಿದಂತೆ ಮೊದಲು ನೀರು ತಣ್ಣಗಾಗಿ ಸದ್ದಿನ ವೇಗ ಇಳಿಯುತ್ತದೆ. ಒಂದು ಹಂತದ ಕೆಳಗೆ ಉಷ್ಣತೆ ಹೆಚ್ಚೇನೂ ಬದಲಾಗದೆ ಒತ್ತಡ ಮಾತ್ರ ಏರುತ್ತ ಹೋಗುವುದರಿಂದ ವೇಗವೂ ಮತ್ತೆ ಏರುತ್ತದೆ. ನಡುವೆ ವೇಗ ಅತಿ ಕಡಿಮೆ ಇರುವ ಆಳವೊಂದು ಉಳಿಯುತ್ತದೆ. ಅಲ್ಲಿ ಹುಟ್ಟಿದ ಸದ್ದು ಮೇಲೆ ಹೋದರೂ ಕೆಳಗೆ ಹೋದರೂ ಬಾಗಿ ಅದೇ ಆಳಕ್ಕೆ ಮರಳುತ್ತದೆ. ನೀರಿನ ಮೈಗೂ ತಾಗದೆ, ತಳಕ್ಕೂ ತಾಗದೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಈ ಧ್ವನಿಮಾರ್ಗವನ್ನು 1944ರಲ್ಲಿ ಅಮೆರಿಕದ ಮಾರಿಸ್ ಯೂಯಿಂಗ್, ಅವರಿಂದ ಪ್ರತ್ಯೇಕವಾಗಿ 1946ರಲ್ಲಿ ರಷ್ಯದ ಲಿಯೊನಿದ್ ಬ್ರೆಖೋವ್‌ಸ್ಕಿಖ್ ಗುರುತಿಸಿದರು. ಜಗತ್ತಿನ ಬಹುಪಾಲು ಸಾಗರಗಳಲ್ಲಿ ಇದು ಸುಮಾರು ಒಂದು ಕಿಲೋಮೀಟರ್ ಆಳದಲ್ಲಿದ್ದರೆ ಅರಬ್ಬೀ ಸಮುದ್ರದಲ್ಲಿ ಇನ್ನೂ ಕೆಳಗೆ, 1,700 ಮೀಟರ್ ಆಸುಪಾಸಿನಲ್ಲಿದೆ. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಗಳಿಂದ ಹೊರಬರುವ ಬೆಚ್ಚನೆಯ, ಉಪ್ಪುಪ್ಪಾದ ನೀರು ಮಧ್ಯದ ಆಳಗಳಲ್ಲಿ ಹರಡಿಕೊಳ್ಳುವುದು ಅದಕ್ಕೆ ಕಾರಣ.

1960ರಲ್ಲಿ ಆಸ್ಟ್ರೇಲಿಯದ ಪರ್ತ್ ಬಳಿ ಸಿಡಿಸಿದ ಸ್ಫೋಟಕಗಳ ಸದ್ದು ಸುಮಾರು ಮೂರೂಮುಕ್ಕಾಲು ಗಂಟೆಯ ಬಳಿಕ ಭೂಗೋಳದ ಇನ್ನೊಂದು ಬದಿಯ ಬರ್ಮುಡಾದಲ್ಲಿ ಕೇಳಿಸಿತು. 1991ರ ಜನವರಿಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಹರ್ಡ್ ದ್ವೀಪದ ಬಳಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು 57 ಹರ್ಟ್ಸ್‌ನ ಸದ್ದು ಹೊರಡಿಸಿದಾಗ ಅದನ್ನು ಅಮೆರಿಕದ ಎರಡೂ ಕರಾವಳಿಗಳ ಕಡೆ ಕೇಳಲಾಯಿತು. ಕಿವಿಗೊಟ್ಟ ದೇಶಗಳಲ್ಲಿ ಭಾರತವೂ ಇತ್ತು. ಸಾಗರ ಬೆಚ್ಚಗಾದರೆ ಸದ್ದು ಬೇಗ ತಲುಪುತ್ತದೆ. ಹಾಗಾಗಿ ಸದ್ದಿನ ಪ್ರಯಾಣದ ಸಮಯವನ್ನು ವರ್ಷವರ್ಷವೂ ಅಳೆದು ಇಡೀ ಸಾಗರದ ಉಷ್ಣತೆಯನ್ನು ತಿಳಿಯಬಹುದು ಎಂಬುದು ಆ ಪ್ರಯೋಗದ ಹಿಂದಿನ ಯೋಚನೆ.

ಉಡುಪಿ ಕಡಲಿನ ಋತುಗಳು

ಆಳಸಮುದ್ರದ ಪದರಗಳು ಸಾವಧಾನದವು. ಮಲ್ಪೆ, ಕಾಪುಗಳ ಎದುರಿನ ಆಳ ಕಡಿಮೆಯ ಕಡಲು ಹಾಗಲ್ಲ. ಅದು ವರ್ಷದಲ್ಲಿ ಹಲವು ಸಲ ತನ್ನ ಪದರಗಳನ್ನು ಬದಲಿಸಿಕೊಳ್ಳುತ್ತದೆ.

ಮಾರ್ಚ್‌ನಿಂದ ಮೇವರೆಗೆ ಗಾಳಿ ತಗ್ಗಿ ಬಿಸಿಲು ಏರುತ್ತದೆ. ಆಗ್ನೇಯ ಅರಬ್ಬೀ ಸಮುದ್ರದ ಮೇಲ್ಮೈ 30 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಕಾದ ತೆಳು ಪದರ ಮೇಲೆ ಕುಳಿತಿರುತ್ತದೆ. ಗ್ವಾಂಟನಾಮೋದ ಮಧ್ಯಾಹ್ನದ ಒಗಟು ಇಲ್ಲಿಯದೂ ಆಗುವ ಕಾಲ ಇದು.

ಮಳೆಗಾಲದಲ್ಲಿ ಎಲ್ಲವೂ ತಿರುವುಮುರುವು. ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಆಳದ ತಣ್ಣೀರು ಇಳಿಜಾರಿನ ಉದ್ದಕ್ಕೂ ಮೇಲೇರಿ ದಡದ ಕಡೆಗೆ ಬರುತ್ತದೆ. ಈ ನೀರಿನಲ್ಲಿ ಪ್ರಾಣವಾಯು ಕಡಿಮೆ, ಪೋಷಕಾಂಶ ಹೆಚ್ಚು. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಬುನಾದಿ ಅದೇ. ಅದೇ ಹೊತ್ತಿಗೆ ಘಟ್ಟದ ಮಳೆ ಹೊಳೆಯಾಗಿ ಇಳಿಯುತ್ತದೆ. ಕಾರ್ಕಳ ಸೀಮೆಯ ನೀರನ್ನು ಹೊತ್ತ ಸ್ವರ್ಣಾ ಬಜೆಯನ್ನು ದಾಟಿ, ಕಲ್ಯಾಣಪುರದ ಬಳಿ ಹಾದು, ಸೀತಾ ಹೊಳೆಯೊಡನೆ ಕೂಡಿ ಬೆಂಗ್ರೆಯಲ್ಲಿ ಕಡಲು ಸೇರುತ್ತದೆ. ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ಹರಡುತ್ತದೆ. ಉಪ್ಪಿನಂಶ ಕಿಲೋಗೆ 35 ಗ್ರಾಮಿನಿಂದ 25ಕ್ಕೆ ಇಳಿದರೆ ಸದ್ದಿನ ವೇಗ ಹತ್ತು ಮೀಟರ್ ಕುಗ್ಗುತ್ತದೆ. ಅಲ್ಲಿಗೆ ಅಳಿವೆಯ ಹೊರಗಿನ ಕೆಲವೇ ಹತ್ತು ಮೀಟರ್ ನೀರಿನಲ್ಲಿ ಮೇಲೊಂದು ನಿಧಾನದ ಪದರ, ನಡುವೆ ಒಂದು ವೇಗದ ಪದರ, ಕೆಳಗೆ ಮತ್ತೊಂದು ನಿಧಾನದ ತಣ್ಣನೆಯ ಪದರ. ನಡುವೆ ಹುಟ್ಟಿದ ಸದ್ದು ಒಂದಷ್ಟು ಮೇಲಕ್ಕೆ ಬಾಗುತ್ತದೆ, ಇನ್ನಷ್ಟು ಕೆಳಕ್ಕೆ.

ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರವಾಹ ಉತ್ತರಕ್ಕೆ ತಿರುಗಿ ಬಂಗಾಳ ಕೊಲ್ಲಿಯ ಉಪ್ಪು ಕಡಿಮೆಯ ನೀರನ್ನು ಇಲ್ಲಿಗೆ ತರುತ್ತದೆ. ಈ ಹಗುರ ನೀರು ಮೇಲೆ ಇರುವುದರಿಂದ ಚಳಿಗಾಲದ ಒಣಗಾಳಿಗೆ ತಣಿದರೂ ಕೆಳಗಿಳಿಯುವುದಿಲ್ಲ. ಹಾಗಾಗಿ ಕೆಲವು ಕಡೆ ಮೇಲಿನದಕ್ಕಿಂತ ಕೆಳಗಿನ ನೀರೇ ಬೆಚ್ಚಗಿರುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಆಗ ಸದ್ದು ಮೇಲಕ್ಕೆ ಬಾಗುತ್ತದೆ. ನೀರಿನ ಮೈಗೆ ಬಡಿಯುತ್ತ, ಮತ್ತೆ ಬಾಗುತ್ತ, ಮೇಲ್ಪದರದಲ್ಲೇ ದೂರ ಸಾಗುತ್ತದೆ.

ತಳವೂ ಸುಮ್ಮನಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಡದಿಂದ ಸುಮಾರು 50 ಮೀಟರ್ ಆಳದವರೆಗೆ ಹೊಳೆಗಳು ತಂದ ಕೆಸರು ಹಾಸಿದೆ. ಅದರಾಚೆ ಹಳೆಯ ಕಾಲದ ಮರಳು. ಮೆತ್ತನೆಯ ಕೆಸರಿನಲ್ಲಿ ಸದ್ದಿನ ವೇಗ ನೀರಿಗಿಂತ ತುಸು ಕಡಿಮೆಯೇ ಇರಬಹುದು, ಹಾಗಾಗಿ ಸದ್ದು ಅದರೊಳಕ್ಕೆ ಸುಲಭವಾಗಿ ಇಳಿದು ಕರಗುತ್ತದೆ. ಮರಳು ಸದ್ದನ್ನು ಮೇಲಕ್ಕೆ ಮರಳಿಸುತ್ತದೆ. ಇವೆರಡರ ಕೆಳಗೆ ಗಟ್ಟಿಬಂಡೆ. ಅಲ್ಲಿ ವೇಗ ಸೆಕೆಂಡಿಗೆ ಹಲವು ಕಿಲೋಮೀಟರ್. ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಹೆಪ್ಪುಗಟ್ಟಿ ಆದಂಥವು, ಆ ಹಳೆಯ ಗಟ್ಟಿನೆಲ ನೀರಿನಿಂದ ತಲೆಯೆತ್ತಿದ ಒಂದು ತುಣುಕು.

ಗಣಿತ ಹೇಗೆ ಹಿಡಿಯುತ್ತದೆ?

ಇಷ್ಟೆಲ್ಲ ಬದಲಾಗುವ ಕಡಲನ್ನು ಲೆಕ್ಕಕ್ಕೆ ಒಗ್ಗಿಸುವುದು ಹೇಗೆ? ಅಲೆಯ ಸಮೀಕರಣ 18ನೇ ಶತಮಾನದಿಂದಲೂ ಗೊತ್ತಿದೆ. ಎಲ್ಲ ಕಡೆಯೂ ಒಂದೇ ತೆರನಾದ ನೀರಾದರೆ ಅದನ್ನು ಕಾಗದದ ಮೇಲೆ ಬಿಡಿಸಬಹುದು. ನಿಜವಾದ ಕಡಲಿಗೆ ಹಾಗೆ ಬಿಡಿಸಲಾಗದು. ವಿಜ್ಞಾನಿಗಳಿಗೆ ಆಸರೆಯಾದದ್ದು ಒಂದು ಗಮನಿಕೆ: ಕಡಲಿನಲ್ಲಿ ಹೆಚ್ಚಿನ ಬದಲಾವಣೆಗಳು ಮೆಲ್ಲಮೆಲ್ಲನೆ ಆಗುತ್ತವೆ. ಆಳದಲ್ಲಿ ಮೀಟರುಗಳ ಅಂತರದಲ್ಲಿ ಬದಲಾಗುವ ಉಷ್ಣತೆ ಅಡ್ಡಕ್ಕೆ ಅಷ್ಟೇ ಬದಲಾಗಲು ಅನೇಕ ಕಿಲೋಮೀಟರ್ ಬೇಕು. ಮಲ್ಪೆಯಿಂದ ಪಡುವಣಕ್ಕೆ ಹೊರಟರೆ ತಳವೂ ಬಹುದೂರದವರೆಗೆ ಹೆಚ್ಚು ಕಡಿದಾಗದೆ ಇಳಿಯುತ್ತದೆ.

ಮೆಲ್ಲನೆ ಎಂದರೆ ಎಷ್ಟು ಮೆಲ್ಲನೆ? ಅದನ್ನು ತೀರ್ಮಾನಿಸುವುದು ಅಲೆಯ ಉದ್ದ. 50 ಕಿಲೋಹರ್ಟ್ಸ್‌ನ ಫಿಶ್ ಫೈಂಡರ್ ಸದ್ದಿನ ಅಲೆಯುದ್ದ ಮೂರು ಸೆಂಟಿಮೀಟರ್. ಅದಕ್ಕೆ 30 ಮೀಟರ್ ದಪ್ಪದ ಪದರ ಅತಿ ನಿಧಾನದ ಬದಲಾವಣೆ. ಹಡಗಿನ ಎಂಜಿನ್ನು ಹೊರಡಿಸುವ 100 ಹರ್ಟ್ಸ್‌ನ ಸದ್ದಿನ ಅಲೆಯುದ್ದ 15 ಮೀಟರ್. ಅದಕ್ಕೆ ಅದೇ ಪದರ ಎರಡು ಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ಒಂದೇ ಕಡಲಿಗೆ ಒಂದೇ ವಿಧಾನ ಸಾಲದು; ಮೂರು ಮುಖ್ಯ ದಾರಿಗಳು ಬೆಳೆದವು.

ಮೊದಲನೆಯದು ಕಿರಣಗಳ ದಾರಿ. ನೀರನ್ನು ತೆಳು ಪದರಗಳಾಗಿ ಕತ್ತರಿಸಿ, ಬೆಳಕಿನ ವಕ್ರೀಭವನಕ್ಕೆ ಶಾಲೆಯಲ್ಲಿ ಕಲಿಸುವ ಸ್ನೆಲ್ ನಿಯಮವನ್ನೇ ಪ್ರತಿ ಪದರಕ್ಕೂ ಹಚ್ಚಿ, ಸದ್ದಿನ ಸಾವಿರಾರು ಕಿರಣಗಳು ಎಲ್ಲಿ ಹೋಗುತ್ತವೆ ಎಂದು ನೋಡುವುದು. ಹೆಚ್ಚಿನ ಆವರ್ತನದ ಸದ್ದಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಹಿಂದೆ ಹೇಳಿದ ಅರ್ಧ ಕಿಲೋಮೀಟರಿನ ಲೆಕ್ಕ ಇದೇ ವಿಧಾನದ್ದು.

ಎರಡನೆಯದಕ್ಕೆ ತಳಹದಿ ಹಾಕಿದವರಲ್ಲಿ ಮುಖ್ಯರು ಹೈಮ್ ಪೆಕೆರಿಸ್. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1948ರಲ್ಲಿ. ಆಳ ಕಡಿಮೆಯ ಕಡಲಿನಲ್ಲಿ ತಗ್ಗಿದ ಆವರ್ತನದ ಸದ್ದು ನೀರಿನ ಮೈಗೂ ತಳಕ್ಕೂ ನಡುವೆ ಕೆಲವೇ ನಿಗದಿತ ರೂಪಗಳಲ್ಲಿ ಕಂಪಿಸುತ್ತ ಮುಂದೆ ಹೋಗುತ್ತದೆ. ಈ ರೂಪಗಳಿಗೆ ಮೋಡ್ ಎಂದು ಹೆಸರು. ನೀರಿನ ಆಳ ಕಡಿಮೆಯಾದಂತೆ ಮೋಡ್‌ಗಳ ಸಂಖ್ಯೆಯೂ ಇಳಿಯುತ್ತದೆ. ತಳ ಮರಳಿನದಾಗಿ, ಅದರೊಳಗೆ ಸದ್ದಿನ ವೇಗ 1,700 ಮೀಟರ್ ಇದ್ದರೆ, 60 ಮೀಟರ್ ಆಳದ ಕಡಲು ಸುಮಾರು 15 ಹರ್ಟ್ಸ್‌ಗಿಂತ ತಗ್ಗಿನ ಸದ್ದನ್ನು ಹಿಡಿದಿಡಲಾರದು. 20 ಮೀಟರ್ ಆಳದ ಕಡಲು 45 ಹರ್ಟ್ಸ್‌ಗಿಂತ ತಗ್ಗಿನದನ್ನು. ಹೊರಗಿನಿಂದ ದಡದ ಕಡೆಗೆ ಬರುವ ಸದ್ದಿನ ಮೋಡ್‌ಗಳು ಒಂದೊಂದಾಗಿ ತಳದೊಳಕ್ಕೆ ಇಳಿದು ಕಾಣೆಯಾಗುತ್ತವೆ. ತಳ ನಿಧಾನವಾಗಿ ಏರುವಾಗ ಪ್ರತಿ ಮೋಡ್ ತನ್ನ ಗುರುತು ಉಳಿಸಿಕೊಂಡೇ ಹೊಸ ಆಳಕ್ಕೆ ಹೊಂದಿಕೊಳ್ಳುತ್ತದೆ; ಏರಿಕೆ ಕಡಿದಾದರೆ ಒಂದರ ಶಕ್ತಿ ಇನ್ನೊಂದಕ್ಕೆ ಹಾರುತ್ತದೆ. ಯಾವುದು ಯಾವಾಗ ಆಗುತ್ತದೆ ಎಂಬ ಲೆಕ್ಕವನ್ನು 1965ರಲ್ಲಿ ಅಲನ್ ಪಿಯರ್ಸ್ ಮಂಡಿಸಿದರು.

ಮೂರನೆಯ ದಾರಿ ಬಂದದ್ದು ರೇಡಿಯೋದ ಕಡೆಯಿಂದ. 1940ರ ದಶಕದಲ್ಲಿ ರಷ್ಯದ ಲಿಯೊಂಟೋವಿಚ್ ಮತ್ತು ಫಾಕ್ ರೇಡಿಯೋ ತರಂಗ ಭೂಮಿಯ ಮೈಗುಂಟ ಸಾಗುವುದನ್ನು ಲೆಕ್ಕ ಹಾಕಲು ಅಲೆಯ ಸಮೀಕರಣವನ್ನು ಸರಳಗೊಳಿಸಿದ್ದರು. ಸದ್ದು ಬಹುಪಾಲು ಮುಂದಕ್ಕೇ ಹೋಗುತ್ತದೆ, ಹಿಂದಕ್ಕೆ ಮರಳುವುದು ಅತ್ಯಲ್ಪ ಎಂದು ಒಪ್ಪಿಕೊಂಡರೆ ಒಂದೊಂದೇ ಹೆಜ್ಜೆ ಇಡುತ್ತ ಲೆಕ್ಕವನ್ನು ದೂರಕ್ಕೆ ಒಯ್ಯಬಹುದು. ಪ್ರತಿ ಹೆಜ್ಜೆಯಲ್ಲೂ ಅಲ್ಲಿಯ ಉಷ್ಣತೆ, ಅಲ್ಲಿಯ ಆಳ, ಅಲ್ಲಿಯ ತಳ. 1970ರ ದಶಕದಲ್ಲಿ ಫ್ರೆಡ್ ಟ್ಯಾಪರ್ಟ್ ಇದನ್ನು ಸಮುದ್ರಕ್ಕೆ ತಂದರು. ಪ್ಯಾರಾಬೋಲಿಕ್ ಸಮೀಕರಣ ಎಂದು ಕರೆಯುವ ಈ ವಿಧಾನ ದೂರಕ್ಕೆ ಹೋದಂತೆ ಮೆಲ್ಲನೆ ಬದಲಾಗುವ ಕಡಲಿಗೆ ಹೇಳಿ ಮಾಡಿಸಿದಂತಿದೆ. ಇದರ ರೂಪ ಕ್ವಾಂಟಮ್ ವಿಜ್ಞಾನದ ಶ್ರೋಡಿಂಗರ್ ಸಮೀಕರಣದ್ದೇ. ಅಣುವಿನೊಳಗಿನ ಲೆಕ್ಕ ಕಲಿತ ಭೌತವಿಜ್ಞಾನದ ವಿದ್ಯಾರ್ಥಿಗೆ ಕಡಲಿನ ಲೆಕ್ಕ ಅಪರಿಚಿತವೇನಲ್ಲ.

ಅಳತೆ ಇಲ್ಲದೆ ಮಾದರಿ ಇಲ್ಲ

ಭಾರತದಲ್ಲಿ ಈ ವಿದ್ಯೆಯ ದೊಡ್ಡ ಕೇಂದ್ರ ಕೊಚ್ಚಿಯಲ್ಲಿದೆ. 1952ರಲ್ಲಿ ಹುಟ್ಟಿದ ನೌಕಾಪಡೆಯ ಪ್ರಯೋಗಾಲಯವೇ ಇಂದು ಡಿಆರ್‌ಡಿಒ ಅಡಿಯಲ್ಲಿ ಎನ್‌ಪಿಒಎಲ್ ಆಗಿ ನಮ್ಮ ಯುದ್ಧನೌಕೆಗಳಿಗೆ ಸೋನಾರ್ ರೂಪಿಸುತ್ತಿದೆ. ಅದರ ಸಂಶೋಧನಾ ಹಡಗು ‘ಸಾಗರಧ್ವನಿ’ 1994ರಿಂದ ಹಿಂದೂ ಮಹಾಸಾಗರದ ನೀರನ್ನೂ ಅದರ ಸದ್ದನ್ನೂ ಅಳೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ವಿ. ಆನಂದ್ ಆಳ ಕಡಿಮೆಯ ಕಡಲಿನಲ್ಲಿ ಸದ್ದಿನ ಮೂಲವನ್ನು ಪತ್ತೆಹಚ್ಚುವ ಗಣಿತದಲ್ಲಿ ದೀರ್ಘಕಾಲ ದುಡಿದವರು. ಕಾರವಾರದ ‘ಐಎನ್‌ಎಸ್ ಕದಂಬ’ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿದ ಮೇಲಂತೂ ಕರ್ನಾಟಕದ ಕಡಲಿನ ಪದರಗಳನ್ನು ಅರಿಯುವುದು ದೇಶದ ರಕ್ಷಣೆಯ ವಿಷಯವೂ ಆಗಿದೆ.

ಲೆಕ್ಕದ ಮಾದರಿ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ಆ ದಿನದ ನೀರಿನ ಉಷ್ಣತೆ, ಉಪ್ಪು ಗೊತ್ತಿರಬೇಕು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ದೇಶದ ಮೊದಲ ಉಪಗ್ರಹ ‘ಆರ್ಯಭಟ’ವನ್ನು 1975ರಲ್ಲಿ ರೂಪಿಸಿದ ಯು. ಆರ್. ರಾವ್ ಅವರ ಕಾಲದಿಂದ ಬೆಳೆದ ದೂರಸಂವೇದಿ ಉಪಗ್ರಹಗಳ ಪರಂಪರೆ 1999ರಲ್ಲಿ ಓಷನ್‌ಸ್ಯಾಟ್-1ರೊಂದಿಗೆ ಕಡಲಿನತ್ತಲೂ ಕಣ್ಣು ತೆರೆಯಿತು. ಉಪಗ್ರಹಗಳು ಕಂಡ ಮೇಲ್ಮೈ ಉಷ್ಣತೆ ಮತ್ತು ನೀರಿನ ಬಣ್ಣದ ಆಧಾರದಲ್ಲೇ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಕರಾವಳಿಗೆ ಕಳಿಸುತ್ತದೆ. ಆದರೆ ಉಪಗ್ರಹ ಕಾಣುವುದು ಕಡಲಿನ ಚರ್ಮವನ್ನು ಮಾತ್ರ. ಒಳಗಿನ ಪದರಗಳನ್ನು ಅಳೆಯಲು ಆರ್ಗೋ ಎಂಬ ತೇಲುಯಂತ್ರಗಳಿವೆ. ಜಗತ್ತಿನಾದ್ಯಂತ ಸುಮಾರು ನಾಲ್ಕು ಸಾವಿರ ಯಂತ್ರಗಳು ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ, ಉಪ್ಪನ್ನು ಅಳೆದು ಉಪಗ್ರಹಕ್ಕೆ ಒಪ್ಪಿಸುತ್ತವೆ. ಅವು ಆಳಸಾಗರಕ್ಕೆಂದು ಮಾಡಿದವು. ಮಲ್ಪೆ, ಕಾಪು ಎದುರಿನ 60 ಮೀಟರ್ ನೀರು ಅವುಗಳ ಕಾರ್ಯಕ್ಷೇತ್ರವಲ್ಲ.

ಪದರಗಳು ಅತಿ ಬೇಗ ಬದಲಾಗುವ, ಜನ ಅತಿ ಹೆಚ್ಚು ಓಡಾಡುವ ದಡದ ಬಳಿಯ ಕಡಲಿಗೇ ಹೀಗೆ ಅಳತೆಯ ಕೊರತೆ. ಅದನ್ನು ತುಂಬಿಸುವ ದಾರಿಯನ್ನು ನ್ಯೂಜಿಲ್ಯಾಂಡ್ ತೋರಿಸಿದೆ. ಅಲ್ಲಿಯ ‘ಮೊವಾನಾ’ ಯೋಜನೆಯಲ್ಲಿ ಮೀನುಗಾರರ ಬಲೆಗಳಿಗೇ ಅಂಗೈಯಗಲದ ಉಷ್ಣತಾಮಾಪಕ ಕಟ್ಟಿದರು. ಬಲೆ ಇಳಿಯುವಾಗ, ಏರುವಾಗ ಪ್ರತಿ ಆಳದ ಉಷ್ಣತೆ ದಾಖಲಾಗುತ್ತದೆ. ಬಲೆ ನೀರಿನಿಂದ ಹೊರಬಂದೊಡನೆ ಅಂಕಿಗಳು ತಾವಾಗಿ ದಡಕ್ಕೆ ಹೋಗುತ್ತವೆ. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಸಿಗಡಿಯ ಬಳಗದ ಲಾಬ್‌ಸ್ಟರ್ ಹಿಡಿಯುವವರು ಇಂಥ ಕೆಲಸವನ್ನು ಎರಡು ದಶಕಗಳಿಂದ ಮಾಡುತ್ತಿದ್ದಾರೆ.

ಮಲ್ಪೆಯ ಬೋಟುಗಳು ಜೂನ್, ಜುಲೈ ತಿಂಗಳ 61 ದಿನಗಳ ನಿಷೇಧ ಬಿಟ್ಟರೆ ವರ್ಷವಿಡೀ ಕಡಲಿನಲ್ಲಿರುತ್ತವೆ. ಗೋವಾ, ಮಹಾರಾಷ್ಟ್ರದ ಆಚೆಯವರೆಗೂ ಹೋಗಿಬರುವ ಈ ಬೋಟುಗಳ ಟ್ರಾಲ್ ಬಲೆಗಳು ದಿನಕ್ಕೆ ಹಲವು ಸಲ ತಳ ಮುಟ್ಟಿ ಮೇಲೇರುತ್ತವೆ. ಇಷ್ಟು ಅಳತೆ ಮಾಡಬಲ್ಲ ಸಂಶೋಧನಾ ಹಡಗು ಯಾವ ದೇಶದ ಬಳಿಯೂ ಇಲ್ಲ. ಈ ಬೋಟುಗಳು ತರುವ ಅಂಕಿಗಳು ನೌಕಾಪಡೆಯ ಸೋನಾರಿಗೂ, ಕಳೆದುಹೋದ ಬೋಟು ಹುಡುಕುವವರಿಗೂ, ತಣ್ಣೀರು ಯಾವಾಗ ಮೇಲೇರಿತು ಎಂದು ತಿಳಿಯಬೇಕಾದ ಮೀನುಗಾರರಿಗೂ ಸಮನಾಗಿ ಬೇಕು.

ಲೆಕ್ಕ ಹಾಕುವವರ ಕೊರತೆಯೂ ಇಲ್ಲಿಲ್ಲ. ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ; ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ, ಬಂಟಕಲ್ಲಿನಲ್ಲಿ, ಸುರತ್ಕಲ್ಲಿನ ಕಡಲ ದಂಡೆಯಲ್ಲೇ ಇರುವ ಎನ್‌ಐಟಿಕೆಯಲ್ಲಿ ಪ್ರತಿವರ್ಷ ಸಾವಿರಾರು ವಿದ್ಯಾರ್ಥಿಗಳು ಪ್ರಾಜೆಕ್ಟ್ ವಿಷಯ ಹುಡುಕುತ್ತಾರೆ. ಕಿರಣಗಳ ಲೆಕ್ಕಕ್ಕೆ ಬೆಲ್‌ಹಾಪ್, ಮೋಡ್‌ಗಳಿಗೆ ಕ್ರಾಕೆನ್, ಪ್ಯಾರಾಬೋಲಿಕ್ ಸಮೀಕರಣಕ್ಕೆ ರ‍್ಯಾಮ್ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ. ಆರ್ಗೋದ ಅಂಕಿಅಂಶ ಯಾರಿಗೂ ಮುಕ್ತ. ಈ ಕಾಲೇಜುಗಳು, ಮೀನುಗಾರರ ಸಂಘಗಳು, ಮೀನುಗಾರಿಕಾ ಇಲಾಖೆ ಮತ್ತು ಇಂಕಾಯ್ಸ್ ಒಂದೆಡೆ ಕೂತು ಮಾತಾಡಲಿ. ಮುಂದಿನ ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿಯುವಾಗ ಮೊದಲಿಗೆ ಹತ್ತು ಬೋಟುಗಳ ಬಲೆಗಾದರೂ ಉಷ್ಣತಾಮಾಪಕ ಕಟ್ಟಿ ಕಳಿಸಲಿ.